ತಿರುಗುವುದೊಂದು, ಸುಮ್ಮನೆ ಕೂರುವುದೊಂದು

ಬನಹಟ್ಟಿಯಲ್ಲಿ ಒಬ್ಬರ ಮನೆಯ ಸಾಮಾನು ಕೆಟ್ಟರೆ ಅದು ಒಬ್ಬರ ಕಷ್ಟವಾಗಿ ಉಳಿಯುವುದಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ ಒಂದೊಂದು ಮಾತು ಸೇರಿಸುತ್ತಾರೆ. ಹೀಗಾಗಿ ನನ್ನಂಥ ಮಾತು ಕಡಿಮೆಯ ಮಾಸ್ತರನಿಗೂ ಹೇಳಲು ನಾಲ್ಕು ಪ್ರಸಂಗ ಸಿಗುತ್ತವೆ.

ಈ ಸಲ ಕೆಟ್ಟದ್ದು ನನ್ನ ಹೆಂಡತಿಯ ಹಾಡಿನ ಡಬ್ಬಿ. ಅಂಗೈಯಗಲದ ಹಳೆಯ ಪ್ಲೇಯರು. ಅದರೊಳಗೆ ಬೆಂಕಿಪೆಟ್ಟಿಗೆಯಷ್ಟೇ ದೊಡ್ಡ ಹಾರ್ಡ್ ಡಿಸ್ಕ್. ತವರುಮನೆ ತೇರದಾಳದಲ್ಲಿ ಕಲಿತ ಬೀಸುವ ಹಾಡುಗಳನ್ನು ಅವಳು ತಾನೇ ಹಾಡಿ ಅದರಲ್ಲಿ ತುಂಬಿದ್ದಳು. ಒಟ್ಟು ಹನ್ನೊಂದು. ಅವಳು ತೀರಿಹೋಗಿ ಎರಡು ವರ್ಷ. ಹತ್ತು ಹಾಡು ಕೇಳಿ ಮುಗಿಸಿದ್ದೆ. ಹನ್ನೊಂದನೆಯದನ್ನು ಕೇಳಿರಲಿಲ್ಲ, ಕೇಳಿದರೆ ಮುಗಿದುಹೋಗುತ್ತದೆ ಎಂದು ಉಳಿಸಿಕೊಂಡಿದ್ದೆ. ಹೋದ ತಿಂಗಳು ಡಬ್ಬಿ ಹಾಡುವುದನ್ನು ಬಿಟ್ಟು ‘ಟಕ್, ಟಕ್’ ಎನ್ನತೊಡಗಿತು. ಆ ಹಾಡುಗಳು ಬೇರೆಲ್ಲೂ ಇಲ್ಲ.

ಕ್ಲಾಸಿನಲ್ಲಿ

ತಲೆಯಲ್ಲಿ ಅದೇ ಇದ್ದುದರಿಂದ ಮರುದಿನ ಒಂಬತ್ತನೆಯ ತರಗತಿಗೆ ಅದನ್ನೇ ಪಾಠ ಮಾಡಿದೆ. ‘ಹಾರ್ಡ್ ಡಿಸ್ಕಿನೊಳಗೆ ಒಂದು ತಟ್ಟೆ ತಿರುಗುತ್ತದೆ. ಅದರ ಮೇಲೆ ಸೂಜಿಯಂಥ ಕಡ್ಡಿ, ತಟ್ಟೆಯನ್ನು ಮುಟ್ಟದೆ ಓಡಾಡುತ್ತದೆ. ಅಲುಗಿದರೆ ಕೆಡುತ್ತದೆ. ಅದರ ಬದಲು ಈಗ ಬರುವ ಎಸ್‌ಎಸ್‌ಡಿಯಲ್ಲಿ ಬರೀ ಚಿಪ್. ಯಾವುದೂ ತಿರುಗುವುದಿಲ್ಲ. ಆದರೂ ಅದರ ಕೆಲಸವೇ ಜೋರು.’

ನೇಕಾರರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು.

‘ಸರ, ಸುಮ್ನ ಕುಂತಿದ್ದು ಕೆಲಸ ಮಾಡಾಕತ್ತೈತಿ ಅಂತ ಹೆಂಗ ನಂಬೂದ್ರಿ?’

‘ನಂಬಬೇಕವ್ವಾ.’

‘ನಮ್ಮಪ್ಪನೂ ಕಟ್ಟಿ ಮ್ಯಾಲ ಕುಂತು ಹಂಗ ಹೇಳ್ತಾನ್ರಿ, ತಲಿಯೊಳಗ ಕೆಲಸ ನಡದೈತಿ ಅಂತ. ನಮ್ಮವ್ವ ಇನ್ನೂ ನಂಬಿಲ್ರಿ.’

ಬಸ್ಸಿನಲ್ಲಿ

ರಿಪೇರಿಗೆ ಜಮಖಂಡಿಗೆ ಹೊರಟೆ. ಡಬ್ಬಿಯನ್ನು ಹತ್ತಿಯಲ್ಲಿ ಸುತ್ತಿ, ಊಟದ ಸ್ಟೀಲ್ ಡಬ್ಬಿಯೊಳಗಿಟ್ಟು, ಅದನ್ನು ಅವಳ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಎರಡೂ ಕೈಯಲ್ಲಿ ತೊಡೆಯ ಮೇಲೆ ಹಿಡಿದು ಕೂತಿದ್ದೆ. ಬಸ್ಸು ಒಂದು ತಗ್ಗಿಗೆ ಇಳಿದಾಗ ನಾನು ಸೀಟು ಬಿಟ್ಟು ಎದ್ದು ನಿಂತೇಬಿಟ್ಟೆ.

‘ಒಳಗ ತತ್ತಿ ಅದಾವೇನ್ರಿ ಸರ?’ ಎಂದ ಕಂಡಕ್ಟರ್.

‘ಮೊಟ್ಟೆಗಿಂತ ನಾಜೂಕು. ಅಲುಗಿದರೆ ಹೋಯಿತು. ಸ್ವಲ್ಪ ನಿಧಾನ ಹೋಗಲು ಹೇಳ್ತೀರಾ?’

ಅವನು ಸೀರೆಯ ಗಂಟನ್ನು ನೋಡಿದ, ನನ್ನ ಮುಖ ನೋಡಿದ. ಡ್ರೈವರನ ಕಡೆ ತಿರುಗಿ ಗಟ್ಟಿಯಾಗಿ ಕೂಗಿದ:

‘ಸಾವಕಾಶ ಹೊಡೀರಿ, ಗಾಡಿಯೊಳಗ ಬಾಣಂತಿ ಅದಾರ!’

ಬಸ್ಸು ನಿಧಾನವಾಯಿತು. ಇಡೀ ಬಸ್ಸು ಬಾಣಂತಿಯನ್ನು ಹುಡುಕಿತು. ಕಂಡಕ್ಟರ್ ಬೆರಳು ಮಾಡಿ ನನ್ನನ್ನು ತೋರಿಸಿದ.

ರಿಪೇರಿ ಅಂಗಡಿಯಲ್ಲಿ

ರಿಪೇರಿಯವರು ಡಬ್ಬಿಗೆ ಕಿವಿಯಿಟ್ಟು ಕೇಳಿದರು.

‘ಇದನ್ನ ಎಲ್ಲಿ ಇಡ್ತಿದ್ರಿ?’

‘ಗೋಡೆಯ ಕಪಾಟಿನಲ್ಲಿ.’

‘ಗ್ವಾಡಿ ಆಚಿಕಡಿ ಏನೈತಿ?’

‘ನಾಲ್ಕು ಪವರ್‌ಲೂಮು.’

ಅವರು ಕನ್ನಡಕ ತೆಗೆದರು. ‘ಪಾಪ, ಒಳಗ ತಿರುಗೂದಲ್ದ ಹೊರಗೂ ಕುಣದೈತ್ರಿ ಇದು. ಇನ್ನೊಂದು ಸಲ ತಿರುಗಿದ್ರ ನಿಮ್ಮ ಪುಣ್ಯ. ಇಲ್ಲಿ ಅಂಗಡಿ ಮುಂದ ಹಗಲೂ ರಾತ್ರಿ ಲಾರಿ ಓಡ್ತಾವ, ನೆಲ ನಡಗತೈತಿ. ಈ ಕೇಬಲ್ ಒಯ್ರಿ, ಲ್ಯಾಪ್‌ಟಾಪಿಗೆ ಹಚ್ಚಿ ಇದ್ದದ್ದೆಲ್ಲಾ ಈ ಎಸ್‌ಎಸ್‌ಡಿಗೆ ಇಳಸ್ಕೋರಿ. ಆದ್ರ ಅದು ಮುಗಿಯೂತನಾ ನೆಲ ಅಲುಗಬಾರದು.’

‘ಬನಹಟ್ಟಿಯಲ್ಲಿ ಅಲುಗದ ನೆಲ ಎಲ್ಲಿದೆ?’

‘ಸಿಕ್ರ ನನಗೂ ಹೇಳ್ರಿ ಸರ, ಅಂಗಡಿ ಅಲ್ಲೇ ಹಾಕ್ತೇನಿ.’

ಅಮಾವಾಸ್ಯೆ

ಅಲುಗದ ನೆಲ ಸಿಗಲಿಲ್ಲ, ಅಲುಗದ ದಿನ ಸಿಕ್ಕಿತು. ಅಮಾವಾಸ್ಯೆಗೆ ನಮ್ಮ ಓಣಿಯಲ್ಲಿ ಯಾರೂ ಮಗ್ಗ ಹಚ್ಚುವುದಿಲ್ಲ. ಒಂಬತ್ತು ದಿನ ಕಾದೆ.

ಆ ಬೆಳಿಗ್ಗೆ ಪಕ್ಕದ ಮನೆಯ ಮಗ್ಗದ ಮಾಲಕರು ತಾವೇ ಬಂದು ಕೂತರು. ನಾಲ್ಕೂ ಲೂಮು ಅವರವೇ. ಡಬ್ಬಿ ಕೆಟ್ಟ ಕಾರಣ ಕೇಳಿದಾಗಿನಿಂದ ತಪ್ಪು ತಮ್ಮದೇ ಎಂಬಂತೆ ಓಡಾಡುತ್ತಿದ್ದರು. ಅವರು ನನ್ನ ಹೆಂಡತಿಗೆ ಅತ್ತಿಗೆಯೆಂದು ‘ವೈನಿ’ ಎನ್ನುತ್ತಿದ್ದರು. ಅವಳು ಅವರಿಗೆ ‘ತಮ್ಮಾ’ ಎನ್ನುತ್ತಿದ್ದಳು, ಹೆಚ್ಚಾಗಿ ಗೋಡೆಯ ಈ ಕಡೆಯಿಂದ ಕೂಗಿ.

ಕೇಬಲ್ ಹಚ್ಚಿದೆ. ಡಬ್ಬಿ ಗುರ್ ಎಂದಿತು, ತಿರುಗಿತು. ಇಬ್ಬರೂ ಇಳಿಯುವ ಹಾಡುಗಳನ್ನು ಎಣಿಸುತ್ತ ಕೂತೆವು. ಒಂದು, ಎರಡು, ಹತ್ತು. ಹನ್ನೊಂದನೆಯದು ಇಳಿದ ಮೇಲೆ ‘ಟಕ್’ ಎಂದು ಡಬ್ಬಿ ನಿಂತಿತು. ಮತ್ತೆ ತಿರುಗಲೇ ಇಲ್ಲ.

ಮಾಲಕರು ಎಸ್‌ಎಸ್‌ಡಿಯ ಮೇಲೆ ಕೈಯಿಟ್ಟು ನೋಡಿದರು. ಮುಖ ಸಣ್ಣದಾಯಿತು. ‘ಸರ, ಇದು ನಡದಿಲ್ರಿ. ಸಪ್ಪಳ ಇಲ್ಲ, ನಡುಕ ಇಲ್ಲ. ಮಗ್ಗ ಸುಮ್ನಾತಂದ್ರ ಎಳಿ ಹರದೈತಿ ಅಂತನ ತಿಳೀಬೇಕು.’

ಕೊನೆಯದು ಬಂದಿದ್ದರೆ ಎಲ್ಲವೂ ಬಂದಂತೆ. ಲ್ಯಾಪ್‌ಟಾಪಿನಲ್ಲಿ ಹನ್ನೊಂದನೆಯದನ್ನೇ ಒತ್ತಿದೆ.

ಖಟಪಟ, ಖಟಪಟ! ಮಗ್ಗದ ಸಪ್ಪಳ ಮನೆ ತುಂಬಿತು. ಮಾಲಕರು ಜಿಗಿದೆದ್ದರು. ‘ಯಾವ ಹುಚ್ಚರೀ ಅಮಾಸಿ ದಿನ ಮಗ್ಗ ಹಚ್ಚಿದಂವಾ?’ ಎನ್ನುತ್ತ ಬಾಗಿಲಿಗೆ ಓಡಿದರು.

ಆಗ ಆ ಸಪ್ಪಳದ ನಡುವೆಯೇ ಅವಳು ಹಾಡು ಎತ್ತಿಕೊಂಡಳು. ಎರಡು ಸಾಲು ಹಾಡಿ ನಿಲ್ಲಿಸಿ, ಕೂಗಿದಳು:

‘ಏ ತಮ್ಮಾ! ಒಂದು ಹಾಡು ಮುಗಿಯೂತನಾ ಮಗ್ಗ ಬಂದ್ ಮಾಡೋ!’

ಮಾಲಕರು ನಿಂತಲ್ಲೇ ನಿಂತರು. ಗೋಡೆಯ ಕಡೆ ತಿರುಗಿ, ಎರಡೂ ಕೈ ಜೋಡಿಸಿ ಕೂಗಿದರು:

‘ದೇವರಾಣಿ ನಾ ಹಚ್ಚಿಲ್ರಿ ವೈನಿ! ಇವತ್ತ ಅಮಾಸಿರಿ!’

ಅಷ್ಟರಲ್ಲಿ ಹಾಡಿನೊಳಗಿನ ಮಗ್ಗ ನಿಂತಿತು.

‘ಹಾಂ, ಈಗ ಛಲೋ ಆತು’ ಎಂದು ಅವಳು ಮುಂದಿನ ಸಾಲು ಎತ್ತಿಕೊಂಡಳು.