ಖಂಡಿತ ಸಾರ್‌ನ ಸ್ಟುಡಿಯೋ ಸವಾರಿ

ಮನೆಯನ್ನು ಹಿಡಿದು ಕೂತಿದ್ದ ದುಃಖವನ್ನು ಒಂದೇ ಒಂದು ಭಾನುವಾರದಲ್ಲಿ ಓಡಿಸಿಬಿಡುತ್ತೇನೆಂದು ಖಂಡಿತ ಸಾರ್ ಪ್ರತಿಜ್ಞೆ ಮಾಡಿದ. ಹಲ್ಲುಜ್ಜುವ ಬ್ರಷ್ಷನ್ನೇ ಖಡ್ಗದಂತೆ ಎತ್ತಿಹಿಡಿದು, ಕನ್ನಡಿಯ ಮುಂದೆ ನಿಂತು ಮಾಡಿದ ಘೋರ ಪ್ರತಿಜ್ಞೆ ಅದು!

ಖಂಡಿತ ಸಾರ್ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಫ್ರಿಜ್ಜು, ವಾಷಿಂಗ್ ಮಷೀನುಗಳ ಸರ್ವಿಸ್ ಸೆಂಟರಿನಲ್ಲಿ ಗಿರಾಕಿಗಳ ದೂರು ಕೇಳಿಸಿಕೊಳ್ಳುವುದು ಅವನ ಕೆಲಸ. ಯಾರಾದರೂ ಹಳಸಿದ ಹಾಲಿನ ಪಾತ್ರೆಯನ್ನೇ ತಂದು ಮೇಜಿನ ಮೇಲೆ ಕುಕ್ಕಿದರೂ ಮೂವತ್ತೆರಡೂ ಹಲ್ಲು ಬಿಟ್ಟು, "ಖಂಡಿತ ಸಾರ್, ಇವತ್ತೇ ಸರಿ ಮಾಡಿಸ್ತೀನಿ" ಎನ್ನುತ್ತಿದ್ದ. ಸರಿಯಾಗುತ್ತಿತ್ತೋ ಇಲ್ಲವೋ, ಬೆಂಕಿಯಂತೆ ಬಂದವರು ತಣ್ಣಗಾಗಿ ಹೋಗುತ್ತಿದ್ದರು. ನಮ್ಮ ಫ್ರಿಜ್ಜಿಗಿಂತ ಇವನೇ ವಾಸಿ, ಕರೆಂಟಿಲ್ಲದೆ ತಂಪು ಮಾಡುತ್ತಾನೆ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು.

ಅಪ್ಪ ತೀರಿಕೊಂಡು ಕೆಲವು ತಿಂಗಳಾಗಿದ್ದವು. ಅಮ್ಮ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು. ಟಿವಿ ಹಾಕಿದರೆ ನೋಡುತ್ತಿದ್ದಳು. ಆರಿಸಿದ ಮೇಲೂ ಅದನ್ನೇ ನೋಡುತ್ತಿದ್ದಳು.

ಖಂಡಿತ ಸಾರ್ ಇದನ್ನೂ ಒಂದು ದೂರು ಎಂದೇ ತೆಗೆದುಕೊಂಡ. ನೆನಪಾದರೆ ತಾನೇ ನೋವು? ನೆನಪಿನ ಸಾಮಾನನ್ನೇ ಸಾಗಹಾಕಿದರಾಯಿತು! ಅಪ್ಪನ ಆರಾಮಕುರ್ಚಿ ಹಳೇ ಸಾಮಾನಿನವನ ಗಾಡಿ ಹತ್ತಿತು. ಛತ್ರಿ, ಚಪ್ಪಲಿ, ರೇಡಿಯೋ ಅಟ್ಟ ಸೇರಿದವು. ಫೋಟೋ ಬೀರುವಿನಲ್ಲಿ ಟವೆಲ್ಲುಗಳ ಕೆಳಗೆ ಮಲಗಿತು. ಮನೆಯಲ್ಲಿ 'ಅಜ್ಜ' ಎಂಬ ಶಬ್ದ ನಿಷೇಧವಾಯಿತು. ಮಗಳು ಬಾಯಿತಪ್ಪಿ ಅಂದರೆ, ಮುಂದಿನ ಮಾತು ಬರುವ ಮೊದಲೇ ಇವನೊಂದು ಜೋಕು ಹೊಡೆಯುತ್ತಿದ್ದ.

"ರೀ, ನೀವು ಅಪ್ಪನ್ನ ಕಳ್ಕೊಂಡಿರೋದಾ, ಬಾಡಿಗೆ ಮನೆ ಖಾಲಿ ಮಾಡ್ತಿರೋದಾ?" ಎಂದಳು ಹೆಂಡತಿ. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಹೊತ್ತು ಮುಳುಗುವವರೆಗೆ ಊರವರಿಗೆ ಸೂಜಿ ಚುಚ್ಚಿ ಬಂದರೂ, ಗಂಡನ ಪಾಲಿಗೆ ಒಂದನ್ನು ಉಳಿಸಿಕೊಂಡೇ ಬರುತ್ತಿದ್ದಳು.

"ನೋಡ್ತಾ ಇರು! ಭಾನುವಾರ ಸಿನಿಮಾ ಸ್ಟುಡಿಯೋ ತೋರಿಸೋಕೆ ಎಲ್ಲರನ್ನೂ ಕರ್ಕೊಂಡು ಹೋಗ್ತಿದೀನಿ. ಟಿಕೆಟ್ ತಗೊಂಡಾಯ್ತು. ತಿಂಡಿ ಅದರಲ್ಲೇ ಸೇರಿದೆ. ಅಮ್ಮನ ಹತ್ರ ಬಾಯಿ ಬಿಡ್ಬೇಡ. ಸರ್‌ಪ್ರೈಸ್!"

ಶನಿವಾರ ಊಟದ ಹೊತ್ತಿಗೆ ಅವನು ಅಮ್ಮನಿಗೆ ಹೇಳಿದ. "ಅಮ್ಮ, ನಾಳೆ ಒಂದು ಕಡೆ ಹೋಗೋದಿದೆ."

"ಎಲ್ಲಿಗೋ?"

"ಅದೆಲ್ಲ ಕೇಳ್ಬಾರದು. ಬೆಳಿಗ್ಗೆ ಎದ್ದು ಏನೂ ತಿನ್ಬೇಡ. ಹೊಟ್ಟೆ ಖಾಲಿ ಇರ್ಲಿ."

"ಕಾಫಿ?"

"ಬೇಡ ಬೇಡ! ಎಲ್ಲ ಅಲ್ಲೇ ಆಗತ್ತೆ."

ಪಾತ್ರೆ ಎತ್ತಿಡುತ್ತಿದ್ದ ಹೆಂಡತಿ ಲ್ಯಾಬಿನ ಅಭ್ಯಾಸಬಲದಿಂದ, "ನೀರು ಕುಡೀಬಹುದು ಅತ್ತೆ" ಎಂದಳು.

ಅಮ್ಮ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. "ಸರಿ" ಎಂದು ಕೈ ತೊಳೆಯಲು ಎದ್ದಳು.

ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲೇ ತಯಾರಾಗಿ ಸೋಫಾದ ತುದಿಯಲ್ಲಿ ಕೂತಿದ್ದಳು. ತೊಡೆಯ ಮೇಲೊಂದು ಬ್ಯಾಗು.

"ಇದೇನಮ್ಮ ಬ್ಯಾಗು?"

"ಎರಡು ಜೊತೆ ಬಟ್ಟೆ, ಟವೆಲ್ಲು, ಲೋಟ. ಬೇಕಾಗತ್ತಲ್ಲ."

ಖಂಡಿತ ಸಾರ್ ಉಬ್ಬಿಹೋದ. ಅಮ್ಮನಿಗೆ ಆಗಲೇ ಹುರುಪು ಬಂದಿದೆ! ಹೆಂಡತಿಗೆ ಕಣ್ಣು ಹೊಡೆದು, ಕಾರಿನ ಬಾಗಿಲು ತೆಗೆದು ಸೇವಕನಂತೆ ಬಾಗಿ ನಿಂತ.

ಅರ್ಧ ದಾರಿಯಲ್ಲಿ ಅಮ್ಮ ಕೇಳಿದಳು, "ತುಂಬಾ ನೋವಾಗತ್ತೇನೋ?"

"ನೋವಾ? ಅಲ್ಲಿ ನಕ್ಕು ನಕ್ಕು ಹೊಟ್ಟೆ ನೋವಾಗ್ಬಹುದು, ಅಷ್ಟೇ!"

ಅಮ್ಮ ಕಿಟಕಿಯ ಕಡೆ ತಿರುಗಿದಳು. ಹಿಂದಿನ ಸೀಟಿನಲ್ಲಿ ಮಗಳು, "ಅಜ್ಜ ಇದ್ದಿದ್ರೆ ಮುಂದಿನ ಸೀಟಿಗೆ..." ಎಂದು ಶುರು ಮಾಡಿದಳು. ಅವನು ಹಾಡಿನ ಸದ್ದನ್ನು ಕಿವಿ ಕಿತ್ತುಹೋಗುವಷ್ಟು ಏರಿಸಿದ.

ಮುಂಬಾಗಿಲಲ್ಲಿ ಜಾಗವಿಲ್ಲದೆ, ಹೆಸರಿನ ಬೋರ್ಡೂ ಇಲ್ಲದ ಸ್ಟುಡಿಯೋದ ಹಿಂಬಾಗಿಲಿನ ಹತ್ತಿರ ಕಾರು ನಿಲ್ಲಿಸಬೇಕಾಯಿತು. ಅಲ್ಲಿದ್ದ ಸಿಬ್ಬಂದಿ ಹಿರಿಯರಿಗೆ ಮೊದಲು ಎಂದು ಅಮ್ಮನ ಮಣಿಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಸುತ್ತಿ ಅಂಟಿಸಿ, ಒಳಗೆ ಬಿಟ್ಟರು. ಉಳಿದವರ ಸರದಿ ಬಂದಾಗ ಫೋನಿನಲ್ಲಿದ್ದ ಟಿಕೆಟ್ಟು ತೆರೆದುಕೊಳ್ಳಲೊಲ್ಲದು! ಅವನು ತಿಕ್ಕಿದ, ಕುಟ್ಟಿದ, ಆಕಾಶಕ್ಕೆ ಹಿಡಿದ. ಕೌಂಟರಿನ ಹುಡುಗಿ ಎಲ್ಲ ಹಲ್ಲೂ ಕಾಣುವಂತೆ ನಕ್ಕು, "ಖಂಡಿತ ಸಾರ್, ಈಗಲೇ ಸರಿ ಮಾಡ್ತೀವಿ" ಎಂದಳು.

ಅವನಿಗೆ ಮೈಯೆಲ್ಲ ಉರಿದುಹೋಯಿತು. "ಆ ಮಾತು ನನ್ನ ಹತ್ರ ಆಡ್ಬೇಡಿ! ಅದರ ಅರ್ಥ ಏನೂಂತ ನನಗೆ ಗೊತ್ತು!"

"ಗೊತ್ತಿತ್ತಲ್ಲ ಸದ್ಯ" ಎಂದಳು ಹೆಂಡತಿ, ಪಕ್ಕದಲ್ಲೇ ನಿಂತು.

ಮಾತಿಗೆ ಮಾತು ಬೆಳೆದು, ಮ್ಯಾನೇಜರು ಬಂದು, ಕೊನೆಗೆ ಮೂವರ ಕೈಗೂ ಪಟ್ಟಿ ಬೀಳುವಷ್ಟರಲ್ಲಿ ಒಳಗಡೆ ಅಮ್ಮ ಇರಲಿಲ್ಲ.

"ಬ್ಯಾಗ್ ಹಿಡ್ಕೊಂಡಿದ್ದ ಅಜ್ಜೀನಾ? ಆಸ್ಪತ್ರೆ ಒಳಗೆ ಹೋದರು" ಎಂದ ಕಾವಲುಗಾರ, ತಣ್ಣಗೆ.

"ಯಾವ ಆಸ್ಪತ್ರೆ ರೀ!"

ಕಾವಲುಗಾರ ಬೆರಳು ತೋರಿಸಿದ. ಎದುರಿಗೇ ಬಿಳಿ ಬಣ್ಣದ ಎತ್ತರದ ಕಟ್ಟಡ, ಅಗಲವಾದ ಮೆಟ್ಟಿಲು, ಪಕ್ಕದಲ್ಲಿ ಆಂಬ್ಯುಲೆನ್ಸು. ಮೇಲೆ ಕೆಂಪು ಅಕ್ಷರದ ಬೋರ್ಡು: 'ಆಸ್ಪತ್ರೆ. ಒಳರೋಗಿಗಳ ವಿಭಾಗ.' ಹಿಂದೆ ಹೋಗಿ ನೋಡಿದರೆ ಬರೀ ಪ್ಲೈವುಡ್ಡಿನ ಸೆಟ್ಟು, ಅದು ಬೀಳದಂತೆ ಕೊಟ್ಟ ಊರುಗೋಲು. ಹಿಂದೆ ಹೋಗಿ ಯಾರು ನೋಡುತ್ತಾರೆ?

ಹೆಂಡತಿ ಹಣೆ ಚಚ್ಚಿಕೊಂಡಳು. "ಅಯ್ಯೋ! ಹೊಟ್ಟೆ ಖಾಲಿ ಇರ್ಲಿ, ನೀರು ಮಾತ್ರ ಕುಡೀಬಹುದು, ಎಲ್ಲ ಅಲ್ಲೇ ಆಗತ್ತೆ! ಆಮೇಲೆ ಕೈಗೊಂದು ಪಟ್ಟಿ! ರೀ, ಅತ್ತೆ ಅಡ್ಮಿಟ್ ಆಗೋಕೆ ಬಂದಿದಾರೆ! ತಮಗೇನೋ ದೊಡ್ಡ ಕಾಯಿಲೆ ಅಂದ್ಕೊಂಡಿದಾರೆ!"

ಎರಡು ಜೊತೆ ಬಟ್ಟೆ. ತುಂಬಾ ನೋವಾಗತ್ತೇನೋ. ಖಂಡಿತ ಸಾರ್‌ನ ಅಳಿದುಳಿದ ನಗುವೂ ಮುಖದಿಂದ ಕಳಚಿ ಬಿತ್ತು. ಅವನು ಓಡಿದ.

ಒಳಗೆ ಆಗಿದ್ದಿಷ್ಟು. ಅಮ್ಮ ಸೀದಾ ಹೋಗಿ, ಕಿವಿಗೆ ಮೈಕು ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಸಹಾಯಕ ನಿರ್ದೇಶಕನನ್ನು, "ನನ್ನ ಬೆಡ್ಡು ಯಾವುದಪ್ಪಾ?" ಎಂದು ಕೇಳಿದ್ದಳು. ಮುದುಕಿಯ ಪಾತ್ರಕ್ಕೆ ಗೊತ್ತುಮಾಡಿದ್ದ ಹೆಂಗಸು ಬಾರದೆ ಅವನು ಬೆಳಗಿನಿಂದ ಬೈಗುಳ ತಿನ್ನುತ್ತಿದ್ದ. "ಬಂದ್ರಾ ತಾಯಿ! ನಿಮಗೆ ಬೆಡ್ಡಿಲ್ಲ, ಸ್ಟೂಲು. ಬೆಡ್ ಮೇಲಿರೋರು ನಿಮ್ಮ ಯಜಮಾನ್ರು. ಈಗಷ್ಟೇ ಹೋಗಿಬಿಟ್ಟಿದಾರೆ. ಧ್ವನಿ ರೆಕಾರ್ಡ್ ಮಾಡಲ್ಲ, ಬಾಯಿಗೆ ಬಂದಿದ್ದು ಮಾತಾಡಿ" ಎಂದು ಕೂರಿಸಿಬಿಟ್ಟಿದ್ದ. ಮೇಲೆ ದೀಪಗಳು, ಎದುರಿಗೆ ಕ್ಯಾಮೆರಾ. ತಾನು ಬಂದಿರುವುದು ಎಲ್ಲಿಗೆಂದು ಅಮ್ಮನಿಗೆ ಆಗಲೇ ತಿಳಿಯಿತು. ನಾನಲ್ಲಪ್ಪಾ ಎಂದು ಎದ್ದು ಬರಬಹುದಿತ್ತು. ಬರಲಿಲ್ಲ.

ಮಗ ಏದುಸಿರು ಬಿಡುತ್ತಾ ಹಸಿರು ಪರದೆಯ ಸಂದಿಗೆ ಬಂದಾಗ, ಮುಖಕ್ಕೆ ಬೂದಿಬಣ್ಣ ಬಳಿದುಕೊಂಡು ಕಣ್ಣು ಮುಚ್ಚಿ ಮಲಗಿದ್ದ ಯಾರೋ ಮುದುಕನ ಕೈಯನ್ನು ಅಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ರೀ" ಎಂದಳು. "ನನಗೂ ನಿಮ್ಮ ಕಾಯಿಲೇನೇ ಬಂತು ಅಂದ್ಕೊಂಡೆ. ಬರ್ಲಿ ಬಿಡು ಅನ್ನಿಸ್ತು. ರಾತ್ರಿ ಚೆನ್ನಾಗಿ ನಿದ್ದೆ ಬಂತು ರೀ, ಎಷ್ಟು ದಿನದ ಮೇಲೆ."

ಖಂಡಿತ ಸಾರ್ ಪರದೆಯನ್ನು ಹಿಡಿದುಕೊಂಡ.

"ಮನೇಲಿ ನಿಮ್ಮ ಹೆಸರು ಎತ್ತೋ ಹಾಗಿಲ್ಲ. ಕುರ್ಚಿ ಹೋಯ್ತು. ನಿಮ್ಮ ಕನ್ನಡಕ ಒಂದನ್ನ ಬಚ್ಚಿಟ್ಕೊಂಡೆ. ಕಳ್ಳಿ ಹಾಗೆ, ಬಚ್ಚಲಲ್ಲಿ ಚಿಲಕ ಹಾಕ್ಕೊಂಡು ನೋಡ್ತೀನಿ." ಅವಳು ಆ ಕೈಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಅವತ್ತು ಆಸ್ಪತ್ರೇಲಿ ನಾನು ಇಲ್ಲೇ ಕೂತಿರ್ತೀನಿ ಅಂದೆ. ಖಂಡಿತ ಹುಷಾರಾಗ್ತಾರಮ್ಮ, ನೀನು ಮನೆಗೆ ಹೋಗಿ ಮಲ್ಕೋ ಅಂದ ನಿಮ್ಮ ಮಗ. ಹೋದೆ. ಬರೋ ಹೊತ್ತಿಗೆ ನೀವಿರ್ಲಿಲ್ಲ. ಅವನದೇನೂ ತಪ್ಪಿಲ್ಲ ರೀ. ಪಾಪ, ಅವನಿಗೆ ಬರೋದು ಅದೊಂದೇ ಮಾತು."

ಅಮ್ಮ ಅತ್ತಳು. ಸದ್ದಿಲ್ಲದೆ, ತಲೆ ತಗ್ಗಿಸಿ, ಆ ಅಪರಿಚಿತನ ಅಂಗೈಯಲ್ಲಿ ಮುಖವಿಟ್ಟು ಅತ್ತಳು.

ಆಗ ಖಂಡಿತ ಸಾರ್‌ನ ಎದೆಯೊಳಗೆ ಏನೋ ಒಡೆಯಿತು. ಅಪ್ಪ ಸತ್ತ ದಿನವೂ ಬಂದವರನ್ನೆಲ್ಲ ನಗುನಗುತ್ತಾ ಮಾತಾಡಿಸಿ ಕಳಿಸಿದ್ದವನು, ಈಗ ಹೋ ಎಂದು ಕೂಗಿ, ಪರದೆಯನ್ನು ಕಂಬಿಯ ಸಮೇತ ಕಿತ್ತುಕೊಂಡು ಮಂಚದ ಕಾಲ ಬಳಿ ಬಿದ್ದ. ಡ್ರಿಪ್ಪಿನ ಕಂಬಿ ಉರುಳಿ ಅವನ ಬೆನ್ನಿಗೆ ಬಡಿಯಿತು. "ಅಪ್ಪಾ! ಅಪ್ಪಾ!" ಎಂದು ಬಿಕ್ಕಿದ. ಮೂಗು ಸೋರಿತು. ಮಂಚ ಗಡಗಡ ಅಲುಗಾಡಿತು.

"ಕಟ್! ಕಟ್!" ನಿರ್ದೇಶಕ ಟೋಪಿ ಎಸೆದು ಧಾವಿಸಿದ. "ಮೊದಲನೇದು, ಹೆಣ ಯಾಕೆ ಅಳ್ತಿದೆ?"

ಹೌದು, ಹೆಣದ ಕಣ್ಣಿನ ಅಂಚಿನಿಂದ ಬೂದಿಬಣ್ಣ ಕಲಸಿಕೊಂಡು ನೀರು ಇಳಿಯುತ್ತಿತ್ತು. "ಕ್ಷಮಿಸಿ ಸಾರ್" ಎಂದಿತು ಹೆಣ, ಕಣ್ಣು ತೆರೆಯದೆ.

"ಎರಡನೇದು, ಈ ಗಂಡಸು ಯಾರು?"

"ನಾನು... ಮಗ" ಎಂದ ಖಂಡಿತ ಸಾರ್, ನೆಲದಿಂದ.

"ಈ ಸೀನಲ್ಲಿ ಮಗ ಇಲ್ಲ!"

"ನಾನು ನಿಜವಾದ ಮಗ!"

"ಅವಕಾಶ ಕೇಳ್ಕೊಂಡು ಬರೋರೆಲ್ಲ ಹೀಗೇ ಹೇಳ್ತಾರೆ. ಆ ತಾಯೀನ ನೋಡ್ರೀ, ಎಷ್ಟು ಸಹಜ! ನೀವು? ಅಪ್ಪ ಸತ್ತವರು ಎಲ್ಲಾದ್ರೂ ಹೀಗೆ ಅಳ್ತಾರಾ? ತೀರಾ ನಾಟಕ!" ಅಮ್ಮನ ಕಡೆ ತಿರುಗಿದಾಗ ನಿರ್ದೇಶಕನ ಧ್ವನಿ ಬೆಣ್ಣೆಯಾಯಿತು. "ಇನ್ನೊಂದು ಸಲ ಆಗತ್ತಾ ಅಮ್ಮ?"

ಅಮ್ಮ ಕಣ್ಣೊರೆಸಿಕೊಂಡಳು. ಮಗನನ್ನು ಒಂದು ಗಳಿಗೆ ನೋಡಿದಳು. "ಆಗತ್ತೆ. ಹೇಳೋದು ಇನ್ನೂ ಇದೆ. ಇವನನ್ನ ಸ್ವಲ್ಪ ಹೊರಗೆ ಕೂರಿಸಿ."

ಇಬ್ಬರು ಬಂದು ಅವನನ್ನು ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡಿದರು.

ಮೆಟ್ಟಿಲ ಮೇಲೆ ಹೆಂಡತಿ, ಮಗಳು ಕಾಯುತ್ತಿದ್ದರು. ಅವನು ಪಕ್ಕದಲ್ಲಿ ಕುಸಿದು ಕೂತು ಎಲ್ಲ ಹೇಳಿದ. ನಡುನಡುವೆ ಅಳು ಬರುತ್ತಿತ್ತು, ಬೆನ್ನು ನೋಯುತ್ತಿತ್ತು. ಹೆಂಡತಿ ಅಂದು ಮಾತಿನ ಸೂಜಿ ಹೊರತೆಗೆಯಲಿಲ್ಲ. ಅವನ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡಳು. ತಿಂಡಿಯ ಹೊತ್ತು ಮೀರಿತು. ಸ್ಟುಡಿಯೋ ಸುತ್ತಿಸುವ ಬಸ್ಸು ಇವರ ಮುಂದೆಯೇ ಹಾದುಹೋಯಿತು. ಒಳಗಿದ್ದವರು ಇವರನ್ನೂ ಸಿನಿಮಾದವರೆಂದು ತಿಳಿದು ಕೈ ಬೀಸಿದರು.

ಬಹಳ ಹೊತ್ತಿನ ಮೇಲೆ ಅಮ್ಮ ಬಂದಳು. ಮುಖ ಊದಿತ್ತು. ಕೈಯಲ್ಲಿ ಶೂಟಿಂಗಿನವರು ಕೊಟ್ಟ ಊಟದ ಪೊಟ್ಟಣ. ಮೆಟ್ಟಿಲ ಮೇಲೆ ಕೂತು, ಬಿಚ್ಚಿ, ಯಾರನ್ನೂ ಕೇಳದೆ ಗಬಗಬ ತಿನ್ನತೊಡಗಿದಳು.

"ಅಮ್ಮ" ಎಂದ ಅವನು, ಮೆಲ್ಲಗೆ. "ಚೆನ್ನಾಗಾಯ್ತಾ?"

"ಹೂಂ. ಬುಧವಾರ ಮತ್ತೆ ಬನ್ನಿ ಅಂದಿದಾರೆ. ಬುಧವಾರ ನಾನು ಸಾಯ್ಬೇಕಂತೆ."

ಅವನು ಅಮ್ಮನ ಹತ್ತಿರಕ್ಕೆ ಸರಿದ. "ನಾನೂ... ಜೊತೆಗೆ ಬರ್ಲಾ ಅಮ್ಮ?"

"ಬಾ. ಹೊರಗೆ ಕೂತಿರು" ಎಂದು ಅಮ್ಮ ತುತ್ತು ನುಂಗಿದಳು. "ಆ ಸೀನಲ್ಲಿ ಮಗ ಇದಾನಂತೆ. ನಿನ್ನ ವಿಷಯ ನಾನೇ ಕೇಳಿ ನೋಡ್ದೆ ಕಣೋ. ಮಗನ ಪಾತ್ರಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೋತೀವಿ ಅಂದ್ಬಿಟ್ರು."