ಬಾಗಿಲಿನಿಂದ ಬಾರದ ಕಾಕಾ

ನಮ್ಮ ಕಾಕಾ ಮೂರು ವರ್ಷ ನಮ್ಮ ಮನೆಗೆ ಬಾಗಿಲಿನಿಂದ ಬಂದವನೇ ಅಲ್ಲ. ಹಾಗಂತ ಕಳ್ಳನಲ್ಲ! ಇಳಕಲ್ಲಿನ ನೇಕಾರರ ಓಣಿಯಲ್ಲಿ ಹುಟ್ಟಿ, ಸೀರೆ ನೇಯ್ದು ಬದುಕುವ ಮರ್ಯಾದಸ್ಥ. ಆದರೆ ಸಂಜೆ ಎರಡು ಓಣಿ ಆಚೆಯ ಮಗ್ಗದಿಂದ ಎದ್ದನೆಂದರೆ ನೆಲಕ್ಕೆ ಕಾಲಿಡುತ್ತಿರಲಿಲ್ಲ. ಮಾಳಿಗೆಯಿಂದ ಮಾಳಿಗೆಗೆ ನೆಗೆದು, ನಮ್ಮ ಮನೆ ಪಕ್ಕದ ಸಂದಿ ಹಾರಿ, ಹಿತ್ತಲ ಗೋಡೆ ಹಿಡಿದು ಇಳಿದು, ನನ್ನ ಅವ್ವನ ಬಳಿ ಬಂದು "ವೈನಿ, ಚಾ ಐತೇನ್ರಿ" ಎಂದು ಕೇಳುತ್ತಿದ್ದ.

ಇದಕ್ಕೆಲ್ಲ ಕಾರಣ ಬಾಗಲಕೋಟೆಯ ಒಂದು ನೆಟ್ ಸೆಂಟರ್. ನೂಲು ತರಲು ಹೋದವನು ಅಲ್ಲಿ ಯಾರೋ ಪರದೇಶದ ಹುಡುಗರು ಗೋಡೆ, ಮೆಟ್ಟಿಲು, ಮಾಳಿಗೆ ಎನ್ನದೆ ಹಾರುವುದನ್ನು ನೋಡಿದ. ಒಂದು ನಿಮಿಷದ ಆ ವಿಡಿಯೋ ತೆರೆದುಕೊಳ್ಳಲು ಅರ್ಧ ತಾಸು ಹಿಡಿಯಿತಂತೆ. ಆ ಅರ್ಧ ತಾಸಿನಲ್ಲಿ ಎದ್ದು ಬಂದಿದ್ದರೆ ನಮ್ಮ ಮನೆ ಉಳಿಯುತ್ತಿತ್ತು. ಅದಕ್ಕೆ ಪಾರ್ಕೂರ್ ಅನ್ನುತ್ತಾರೆಂದು ತಿಳಿದುಕೊಂಡೇ ಬಂದ. ನಿನಗೇಕೆ ಇದು ಎಂದು ನಾನು ಕೇಳಿದ್ದಕ್ಕೆ ಹೇಳಿದ: "ಈ ಕಾಲು ದಿನಾ ಎಂಟು ತಾಸು ಮಗ್ಗದ ಕುಣಿಯಾಗ ಇಳಿಬಿದ್ದಿರ್ತಾವ. ಸಂಜೀಕರೆ ಅವಕ್ಕ ಒಂದೀಟು ಆಕಾಶ ತೋರಸಬೇಕೋ ಬ್ಯಾಡೋ?"

ಮೊದಲ ವಾರ ಮಾಳಿಗೆಗಳ ಮೇಲೆ ಒಣಹಾಕಿದ್ದ ಓಣಿಯ ಅರ್ಧದಷ್ಟು ಹಪ್ಪಳಗಳ ಮೇಲೆ ಕಾಕಾನ ಹಿಮ್ಮಡಿಯ ಅಚ್ಚು ಬಿತ್ತು. ಹೆಂಗಸರು ಸೇರಿ ಪಂಚಾಯಿತಿ ಮಾಡಿದರು. ದಾಟಿ ಹೋಗಬಹುದು, ಆದರೆ ಹೋಗುವಾಗ ಮೆಣಸಿನಕಾಯಿ ತಿರುವಿ ಹಾಕಿ ಹೋಗಬೇಕು ಎಂದು ತೀರ್ಮಾನವಾಯಿತು. ಎರಡನೆಯ ತಿಂಗಳಿಗೆ ಕಾಕಾ ಮೆಣಸಿನಕಾಯಿ ತಿರುವುವುದು, ಕಾಗೆ ಓಡಿಸುವುದು, ಒಬ್ಬರ ಮನೆಯ ಮಜ್ಜಿಗೆಯನ್ನು ಇನ್ನೊಬ್ಬರ ಮನೆಗೆ ಮುಟ್ಟಿಸುವುದು ಎಲ್ಲವನ್ನೂ ಮಾಡುತ್ತಿದ್ದ. ರಸ್ತೆಯಲ್ಲಿ ಐದು ನಿಮಿಷದ ದಾರಿ, ಮೇಲಿನಿಂದ ಒಂದು ತಾಸು!

ಮನೆಯಲ್ಲಿ ಇದನ್ನು ಒಪ್ಪದವರೆಂದರೆ ಮುತ್ಯಾ, ಅಂದರೆ ಕಾಕಾನ ತಂದೆ. ಮಗ ಹಾರುವುದನ್ನು ಅವರು ಒಮ್ಮೆಯೂ ನೋಡಲಿಲ್ಲ. ಅವನು ಬರುವ ಹೊತ್ತಾದರೆ ಸಾಕು, ಮನೆಯೊಳಗಿನ ತಮ್ಮ ಮಗ್ಗ ನಿಲ್ಲಿಸಿ, ಸೊಂಟನೋವಿಗೆಂದು ಹಾಸಿಕೊಂಡಿದ್ದ ಹಳೇ ಸೀರೆಗಳ ದೊಡ್ಡ ಕೌದಿಯನ್ನು ಎತ್ತಿಕೊಂಡು, "ಇಂವನ ಮಂಗ್ಯಾತನ ನನ್ನ ಕಣ್ಣಲೆ ನೋಡಾಕ ಆಗೂದಿಲ್ಲ" ಎಂದು ಝಾಡಿಸಲು ಹೊರಗೆ ಹೋಗಿಬಿಡುವರು. ದಿನವೂ ಹೀಗೇ. ಇಡೀ ಇಳಕಲ್ಲಿನಲ್ಲಿ ಅಷ್ಟು ಸ್ವಚ್ಛವಾದ ಕೌದಿ ಇನ್ನೊಂದಿರಲಿಲ್ಲ. ಕಾಕಾನಿಗೆ ಮಾತ್ರ ಇದು ಮನಸ್ಸಿಗೆ ಚುಚ್ಚುತ್ತಿತ್ತು. ಅಪ್ಪ ಒಮ್ಮೆ ನೋಡಿದರೆ ಸಾಕು ಎಂದು ನನ್ನೆದುರು ಎಷ್ಟೋ ಸಲ ಅಂದಿದ್ದ.

ಒಬ್ಬನೇ ಹಾರಿದರೆ ಮಂಗ್ಯಾತನ, ನಾಲ್ಕು ಊರಿನವರು ಕೂಡಿ ಹಾರಿದರೆ ಸಂಘ. ಸಂಘವಾದರೆ ಅಪ್ಪ ನೋಡುತ್ತಾನೆ ಎಂಬುದು ಕಾಕಾನ ಲೆಕ್ಕ. ಕಾಲೇಜು ಓದುತ್ತಿದ್ದ ನಾನು ಕಾರ್ಯದರ್ಶಿ. ಸುತ್ತಲಿನ ಊರುಗಳಿಗೆಲ್ಲ ಕಾರ್ಡು ಬರೆದೆ. ಬಂದವರು ಮೂವರು. ಹುನಗುಂದದ ಒಬ್ಬ ಬಸ್ ಕಂಡಕ್ಟರ್. ಓಡುವ ಬಸ್ಸಿನಿಂದ ಇಳಿದು ಅಭ್ಯಾಸವಿದ್ದವನು. ಬಾಗಲಕೋಟೆಯ ಒಬ್ಬ ಡ್ರಿಲ್ ಮಾಸ್ತರ. ಅಣೆಕಟ್ಟಿನ ಹಿನ್ನೀರಿಗೆಂದು ಖಾಲಿಯಾದ ಹಳೇ ಊರಿನ ಮುರುಕು ಗೋಡೆಗಳೇ ಅವನ ಗರಡಿಮನೆ. ಮತ್ತೆ ಬಾದಾಮಿಯ ಒಬ್ಬ ಗೈಡ್.

ಮೊದಲ ಸಭೆ ಬಾದಾಮಿಯ ಗುಡ್ಡದ ಹಿಂದೆ. ಕಾಕಾ ಭಾಷಣ ಶುರು ಮಾಡುವುದರೊಳಗೆ ಮಂಗಗಳು ರೊಟ್ಟಿಯ ಗಂಟು ಒಯ್ದವು. ನಾಲ್ವರೂ ಬಂಡೆಯಿಂದ ಬಂಡೆಗೆ ಹಾರಿ ಬೆನ್ನತ್ತಿದರು. ಕಂಡಕ್ಟರ್ ರೂಢಿಯಂತೆ ಪ್ರತಿ ಬಂಡೆಗೂ ಸೀಟಿ ಊದಿ "ರೈಟ್" ಅನ್ನುತ್ತಿದ್ದ, ಸೀಟಿಯಾಗದೆ ಯಾರೂ ಹಾರುತ್ತಿರಲಿಲ್ಲ. ಮಂಗಗಳಿಗೆ ಆ ನಿಯಮವಿರಲಿಲ್ಲ. ಅವು ಗೆದ್ದವು.

ಕೊನೆಗೆ ಒಂದು ಫಿಲ್ಮ್ ತೆಗೆಸಿ ಊರಿನ ಕೇಬಲ್ಲಿನಲ್ಲಿ ಹಾಕಿಸುವುದೆಂದು ನಿಶ್ಚಯವಾಯಿತು. ಟೀವಿಯಲ್ಲಿ ಬಂದರೆ ಮುತ್ಯಾ ಎಲ್ಲಿಗೆ ಎದ್ದು ಹೋಗುತ್ತಾರೆ? ಕ್ಯಾಮೆರಾದವನು ಇಳಕಲ್ಲಿನವನೇ, ಊರಿನ ಮದುವೆಗಳೆಲ್ಲ ಅವನ ಕೈಯಲ್ಲೇ ಆಗಿದ್ದವು. ಅಂದು ಕಾಕಾ ಹಾರಬೇಕಾದದ್ದು ಪಕ್ಕದ ಸಂದಿಯನ್ನಲ್ಲ, ನಮ್ಮ ಮನೆ ಮುಂದಿನ ಇಡೀ ಓಣಿಯನ್ನು. ಹೊರಡುವ ಮುನ್ನ ಮಗ್ಗದ ಹತ್ತಿರ ಹೋಗಿ, "ಅಪ್ಪಾ, ಇದೊಮ್ಮೆ ನೋಡು" ಎಂದ. ಮುತ್ಯಾ ಲಾಳಿಯಿಂದ ಕಣ್ಣು ತೆಗೆಯದೆ, "ನಾ ನೋಡಂಗಿಲ್ಲ" ಎಂದರು. ಕಾಕಾ ಮಾಳಿಗೆ ಹತ್ತಿದ. ಓಣಿಯವರೆಲ್ಲ ಕತ್ತೆತ್ತಿ ನಿಂತೆವು. ಕಂಡಕ್ಟರನ ಸೀಟಿ ಕೇಳಿತು. ಓಡಿದ, ಹಾರಿದ, ಆಚೆ ಮಾಳಿಗೆಯಲ್ಲಿ ಇಳಿದ!

ಭಾನುವಾರ ಮಧ್ಯಾಹ್ನ ಸಂಘದವರು, ಓಣಿಯವರು ಎಲ್ಲ ನಮ್ಮ ಟೀವಿ ಮುಂದೆ ಕೂತರು. ಮುತ್ಯಾ ಮಗ್ಗ ಬಿಟ್ಟು ಬರಲಿಲ್ಲ. ಫಿಲ್ಮು ಮದುವೆಯ ಸನಾದಿ ವಾದ್ಯದಿಂದ ಶುರುವಾಯಿತು. ಗುಲಾಬಿ ಹೂವಿನೊಳಗಿಂದ ಡ್ರಿಲ್ ಮಾಸ್ತರ ಮೂಡಿದ. ಕಂಡಕ್ಟರ್ ಹೃದಯದ ಆಕಾರದ ಚೌಕಟ್ಟಿನೊಳಗೆ ಗೋಡೆ ಹಾರಿದ. ಆಮೇಲೆ ಇಪ್ಪತ್ತು ನಿಮಿಷ ಎಲ್ಲರೂ ಉಪ್ಪಿಟ್ಟು ತಿಂದದ್ದು. ಕಡೆಗೆ ಕಾಕಾ ಮಾಳಿಗೆಯ ಮೇಲೆ ಓಡಿದ, ಅಂಚಿಗೆ ಬಂದ, ಅಷ್ಟರಲ್ಲಿ ಕ್ಯಾಮೆರಾ ಸರ್ರನೆ ಕೆಳಗಿಳಿಯಿತು. ಹಾರಿದ್ದು ಇಲ್ಲವೇ ಇಲ್ಲ!

ಕಾಕಾ ಸಿಟ್ಟಿನಿಂದ ಎದ್ದು ನಿಂತ. ಕ್ಯಾಮೆರಾದವನು ತಲೆ ತಗ್ಗಿಸಿ, "ತಾಳಿ ಕಟ್ಟೂ ಹೊತ್ತಿಗೆ ತಂದಿ-ತಾಯಿ ಮಾರಿ ಕಡೆ ಕ್ಯಾಮೆರಾ ತಿರಗಸೂದು ನಮ್ಮ ರೂಢಿರಿ. ಕೈ ತಾನ ಆ ಕಡೆ ಹೋತು" ಎಂದ.

ಆಗಲೇ ನಾವೆಲ್ಲ ಟೀವಿಯನ್ನು ಸರಿಯಾಗಿ ನೋಡಿದ್ದು. ಓಣಿಯ ನಟ್ಟನಡುವೆ ಮುತ್ಯಾ ಇದ್ದರು. ಎರಡೂ ಕೈಯಲ್ಲಿ ಕೌದಿ ಅಗಲಿಸಿ ಹಿಡಿದು, ಬಾಯಿ ತೆರೆದು, ಮೇಲೆ ನೋಡುತ್ತ, ಹಾರುವ ಮಗನ ಕೆಳಗೆ ಈ ಕಡೆಯಿಂದ ಆ ಕಡೆಗೆ ಓಡುತ್ತಿದ್ದರು. ಅರವತ್ತು ಕಿಲೋ ಮಗನನ್ನು ಆ ಬಡಕಲು ಕೈಗಳು ಹಿಡಿಯಲಿದ್ದವು! ನಾವೆಲ್ಲ ಕತ್ತೆತ್ತಿದ್ದರಿಂದ ಯಾರಿಗೂ ಕಂಡಿರಲಿಲ್ಲ. ದಿನಾ ಸಂಜೆ ಆ ಕೌದಿ ಎಲ್ಲಿಗೆ, ಯಾಕೆ ಹೋಗುತ್ತಿತ್ತೆಂಬುದೂ ಆಗಲೇ ತಿಳಿಯಿತು. ನನಗೆ ಅಳು ಬಂತು. ಎದ್ದು ನಿಂತಿದ್ದ ಕಾಕಾ ಕೂತುಬಿಟ್ಟ.

ಮರುದಿನ ಸಂಜೆ ಮುತ್ಯಾ ಎಂದಿನಂತೆ ಕೌದಿ ಹಿಡಿದು ಸಂದಿಯಲ್ಲಿ ನಿಂತು ಮೇಲೆ ನೋಡುತ್ತಿದ್ದರು. ಕಾಕಾ ರಸ್ತೆಯಲ್ಲಿ ನಡೆದುಕೊಂಡು ಅವರ ಹಿಂದೆ ಬಂದು ನಿಂತ.

"ಇವತ್ತ್ಯಾಕ ಕೆಳಗ ಬಂದಿ?" ಮುತ್ಯಾ ಕೇಳಿದರು.

"ಕೌದಿ ಭಾಳ ದೊಡ್ಡದೈತಿ ಅಪ್ಪಾ. ಒಬ್ಬಾವಗ ಹಿಡಿಯಾಕ ಆಗೂದಿಲ್ಲ."

ಹಾಗೆಂದವನೇ ಇನ್ನೊಂದು ತುದಿ ಹಿಡಿದ. ಧೂಳಿನ ಒಂದು ಕಣವೂ ಇಲ್ಲದ ಆ ಕೌದಿಯನ್ನು ತಂದೆ-ಮಗ ಬಹಳ ಹೊತ್ತು ಝಾಡಿಸಿದರು.