ಸೋಪು ಹಾಕಿ ತೊಳೆದ ರೇಡಿಯೋ

ನಮ್ಮ ಭಾವನಿಗೆ ಇಡೀ ಮಲೇಷ್ಯಾದಲ್ಲಿ ಯಾರ ಮೇಲೆ ಸಿಟ್ಟಿಲ್ಲ ಎಂದು ಕೇಳಿದರೆ ಉತ್ತರ ಸುಲಭ: ರೇಡಿಯೋದ ಒಬ್ಬ ಅಜ್ಜಿಯ ಮೇಲೆ! ಉಳಿದಂತೆ ಲಿಫ್ಟು, ಕಾಂಡೋ ಕಮಿಟಿ, ಅಕ್ಕನ ಉಪ್ಪಿಟ್ಟು, ನಾನು, ಯಾರನ್ನೂ ಅವರು ಬಿಟ್ಟವರಲ್ಲ.

ಉಡುಪಿಯಿಂದ ಬಂದು ಮೂವತ್ತು ವರ್ಷ ಇಲ್ಲಿ ಡಾಕ್ಟರಾಗಿದ್ದ ಈ ಮನುಷ್ಯ ತಪ್ಪದೆ ಕೇಳುತ್ತಿದ್ದದ್ದು ಸರ್ಕಾರಿ ರೇಡಿಯೋದ ಸೆಮಾಯ್ ಕಾರ್ಯಕ್ರಮ. ಸೆಮಾಯ್ ಎಂದರೆ ಇಲ್ಲಿನ ಬೆಟ್ಟಗಳ ಮೂಲನಿವಾಸಿಗಳು. ಅವರ ಭಾಷೆಯಲ್ಲಿ ‘ಬೋರ್’ ಎಂದರೆ ‘ಚೆನ್ನಾಗಿದೆ’ ಅಂತೆ. ನನಗೇನು ಗೊತ್ತು? ಕಾರ್ಯಕ್ರಮ ನಡೆಸುತ್ತಿದ್ದ ಆ ಅಜ್ಜಿ ಒಮ್ಮೆ ‘ಬೋರ್’ ಅಂದಾಗ, “ನೋಡಿ ಭಾವ, ಅವರೇ ಒಪ್ಕೊಂಡ್ರು!” ಎಂದು ನಕ್ಕೆ. ಆ ದಿನ ಊಟಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ.

ಭಾವನ ಮಗಳು ಇಲ್ಲಿನವರ ಇಂಗ್ಲಿಷಿನಲ್ಲಿ, “ಬಟ್ ಪಪ್ಪಾ, ಹೂ ಈವನ್ ಲಿಸನ್ಸ್ ಲಾ?” ಅಂದದ್ದಕ್ಕಂತೂ ಗಾಜಿನ ಕಿಟಕಿ ನಡುಗಿತು.

“ಯಾರು ಕೇಳ್ತಾರಾ? ಆಸ್ಪತ್ರೆಗೆ ಹೋದವ್ರು ಇದ್ದಾರಾ ಸತ್ರಾ ಅಂತ ಊರಿಗೆ ಹೇಳಿದ್ದು ಇದೇ ರೇಡಿಯೋ! ಆಗ ನಿನ್ನ ಫೋನು ಎಲ್ಲಿತ್ತು ಮಾರಾಯ್ತಿ?”

ಅಜ್ಜಿ ನಿವೃತ್ತರಾದರು. ಲಾಕ್‌ಡೌನ್ ಬಂತು. ನನ್ನ ಕೆಲಸದ ಊರು ಸೈಬರ್‌ಜಯಾದಲ್ಲಿ ಒಬ್ಬನೇ ಇರಲು ಹೆದರಿ ನಾನು ಬಾಂಗ್ಸಾರಿನ ಅಕ್ಕನ ಮನೆ ಸೇರಿಕೊಂಡೆ. ಹೊರಗಿನಿಂದ ಬಂದದ್ದನ್ನೆಲ್ಲ, ಬಾಳೆಹಣ್ಣನ್ನೂ, ಸೋಪಿನಲ್ಲಿ ತೊಳೆಯುವ ಖಾತೆ ನನ್ನದು. ಯಾರೂ ವಹಿಸಿರಲಿಲ್ಲ, ನಾನೇ ವಹಿಸಿಕೊಂಡದ್ದು!

ಒಂದು ಬೆಳಿಗ್ಗೆ ಅಜ್ಜಿಯ ಹಳ್ಳಿಯಿಂದ ಪಾರ್ಸೆಲ್ ಬಂತು. ಒಳಗೆ ಹಳೆಯ ಕ್ಯಾಸೆಟ್ಟುಗಳು. ಬಿಸಿನೀರು, ಸೋಪಿನ ಪುಡಿ, ಚೂರು ಬ್ಲೀಚು. ನೆನೆಸಿದೆ, ಉಜ್ಜಿದೆ, ಒಳಗಿನ ಟೇಪನ್ನೂ ಎಳೆದು ಒರೆಸಿದೆ, ಕ್ಲಿಪ್ಪು ಹಾಕಿ ಬಾಲ್ಕನಿಯ ಬಿಸಿಲಿಗೆ ನೇತುಹಾಕಿದೆ. ಇಷ್ಟು ಶ್ರದ್ಧೆಯಿಂದ ನನ್ನ ಬನಿಯನ್ನನ್ನೂ ಒಗೆದವನಲ್ಲ!

“ಎಂತ ಮಾಡಿದ್ದಾ ನೀನು?”

“ವೈರಸ್ಸು ಭಾವ...”

“ವೈರಸ್ಸು ನೀನು!”

ಕಂಪ್ಯೂಟರಿಗೆ ಹಾಕಿಕೊಡಿ ಎಂದು ಅಜ್ಜಿ ಕಳಿಸಿದ್ದ ಆ ಕಾರ್ಯಕ್ರಮಗಳ ಎರಡನೇ ಪ್ರತಿ ಎಲ್ಲೂ ಇರಲಿಲ್ಲ. ಅವುಗಳಲ್ಲೊಂದರಲ್ಲಿ ಅಜ್ಜಿಯ ಅಮ್ಮನ ದನಿ ಇತ್ತಂತೆ. ಆಸ್ಪತ್ರೆಯ ಹಾಸಿಗೆಯಿಂದ ಊರಿಗೆ ಹೇಳಿದ ನಾಲ್ಕು ಮಾತು. ಆಕೆ ಊರಿಗೆ ಮರಳಲಿಲ್ಲ. ಅಂದು ಹಾಸಿಗೆಯ ಪಕ್ಕ ಮೈಕು ಹಿಡಿದುಕೊಂಡಿದ್ದವರು ಆಕೆಯ ಡಾಕ್ಟರು, ನಮ್ಮ ಭಾವ.

“ಕಾಡಿನವರದ್ದು ಅಂದ್ರೆ ಉಜ್ಜಿ ತೊಳೀಬೇಕು ಅನ್ನಿಸ್ತಲ್ಲ ನಿಂಗೆ!”

ಬಾಳೆಹಣ್ಣನ್ನೂ ತೊಳೀತೇನೆ ಭಾವ, ಎನ್ನಬಹುದಿತ್ತು. ಆದರೆ ಬಾಳೆಹಣ್ಣನ್ನು ಅಷ್ಟು ಗಟ್ಟಿಯಾಗಿ ಉಜ್ಜಿರಲಿಲ್ಲ. ನನ್ನ ಕೈಗೆ ಗೊತ್ತಿದ್ದದ್ದು ನನಗೆ ಆಗಷ್ಟೇ ಗೊತ್ತಾಯಿತು. ಅಂದಿನಿಂದ ಭಾವನಿಗಿಂತ ನನಗೇ ನನ್ನ ಮೇಲೆ ಹೆಚ್ಚು ಸಿಟ್ಟು.

ಮೂರನೇ ದಿನ ಅಜ್ಜಿಯ ಫೋನು. ಭಾವ ಸ್ಪೀಕರಿಗೆ ಹಾಕಿ ಮಲಯ್ ಭಾಷೆಯಲ್ಲಿ ನಡೆದದ್ದನ್ನೆಲ್ಲ ಹೇಳಿದರು. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಡಾಕ್ಟರ್, ಅಮ್ಮ ಏನಂದಿದ್ದಳು, ನೆನಪಿದೆಯಾ?”

ಭಾವ ಕಣ್ಣು ಮುಚ್ಚಿ ಉಡುಪಿಯ ರಾಗದ ಸೆಮಾಯ್‌ನಲ್ಲಿ ಒಂದು ವಾಕ್ಯ ಹೇಳಿದರು. ‘ಸಂಜೆ ಕೋಳಿಗಳನ್ನು ಗೂಡಲ್ಲಿ ಮುಚ್ಚಿಡಿ, ನಾನು ಬರ್ತೇನೆ’ ಎಂದು ಅದರ ಅರ್ಥವಂತೆ.

“ಅಲ್ಲ,” ಎಂದಿತು ಅಜ್ಜಿಯ ದನಿ. “ಅದಕ್ಕೆ ಮೊದಲು ಕೆಮ್ಮಿದ್ದಳು.”

ಭಾವ ಕೆಮ್ಮಿದರು.

“ಇನ್ನೂ ಮೆಲ್ಲಗೆ.”

ಮತ್ತೆ ಕೆಮ್ಮಿದರು. ನಾನು ಮನೆಯೊಳಗೂ ಬಿಡದಿದ್ದ ಮಾಸ್ಕು ತೆಗೆದಿಟ್ಟು, ಅವರ ಪಕ್ಕದಲ್ಲೇ ಕೂತೆ.